ಉಳಿದ ಕೇಕಿಗೆ ಎಷ್ಟು ಚಳಿ ಬೇಕು?

— ಉಳಿದ ಕೇಕನ್ನು ಫ್ರಿಜ್ಜಿನಲ್ಲಿ ಇಡಬೇಡಿ ಎನ್ನುವವರನ್ನು ಕಂಡರೆ ನನಗೆ ಮೊದಲು ಹುಟ್ಟುವುದು ಅನುಮಾನ. ಹಾಲು, ಮೊಸರು, ದೋಸೆಹಿಟ್ಟು, ತುರಿದ ಕಾಯಿ, ನಿನ್ನೆಯ ಹುಳಿ, ಕೊನೆಗೆ ಮುಡಿಯುವ ಮಲ್ಲಿಗೆ ಕೂಡ ಅದರೊಳಗೇ ಬದುಕುಳಿಯುತ್ತವೆ. ಕೇಕೊಂದಕ್ಕೆ ಮಾತ್ರ ಏನು ಬಂತು?

— ನಿಮ್ಮ ಪಟ್ಟಿಯಲ್ಲೇ ಅರ್ಧ ಉತ್ತರ ಇದೆ. ಹಾಲು ಒಡೆಯುವುದು, ಹುಳಿ ಹಳಸುವುದು, ಹಿಟ್ಟು ಅತಿಯಾಗಿ ಹುಳಿ ಬರುವುದು ಎಲ್ಲವೂ ಸೂಕ್ಷ್ಮಜೀವಿಗಳ ಕೆಲಸ. ತಂಪು ಹೆಚ್ಚಿದಷ್ಟೂ ಅವುಗಳ ಆಟ ನಿಧಾನವಾಗುತ್ತದೆ. ಇದನ್ನು ದಿನಾ ನೋಡಿ ನೋಡಿ ನಮ್ಮ ತಲೆಯಲ್ಲಿ ಒಂದು ಏಣಿ ಕೂತುಬಿಟ್ಟಿದೆ: ಹೊರಗಿಟ್ಟರೆ ಒಂದು ದಿನ, ಫ್ರಿಜ್ಜಿನಲ್ಲಿ ಒಂದು ವಾರ, ಫ್ರೀಜರಿನಲ್ಲಿ ತಿಂಗಳುಗಟ್ಟಲೆ. ಒಂದೊಂದು ಮೆಟ್ಟಿಲು ಏರಿದಂತೆಲ್ಲ ಆಯುಸ್ಸು ಹೆಚ್ಚು. ಬೇಯಿಸಿದ ಮೈದಾದ ವಿಷಯಕ್ಕೆ ಬಂದರೆ ಈ ಏಣಿಯ ನಡುವಣ ಮೆಟ್ಟಿಲು ಮುರಿದಿದೆ. ಬ್ರೆಡ್ಡು, ಬನ್ನು, ಕೇಕು ಇವು ಹೊರಗಿನ ಸೆಕೆಗಿಂತ ಬೇಗ ಬಿರುಸಾಗುವುದು ಫ್ರಿಜ್ಜಿನ ತಂಪಿನಲ್ಲಿ. ಫ್ರೀಜರಿಗೆ ಹೋದರೆ ಆ ಕ್ರಿಯೆ ಮತ್ತೆ ನಿಂತೇ ಹೋಗುತ್ತದೆ. ಆದ್ದರಿಂದ ಉಳಿದದ್ದನ್ನು ಒಂದೋ ಹೊರಗಿಟ್ಟು ಬೇಗ ಮುಗಿಸಬೇಕು, ಇಲ್ಲ ಆವತ್ತೇ ಫ್ರೀಜರಿಗೆ ಹಾಕಬೇಕು. ನಡುವೆ ನಿಲ್ಲಿಸುವುದು, ನೋಡೋಣ ಎಂದು ತೀರ್ಮಾನ ಮುಂದೂಡುವುದಷ್ಟೆ. ಕೇಕಿನ ಮೇಲಿನ ಕ್ರೀಮಿನ ಲೆಕ್ಕ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

— ತಂಪಿನಲ್ಲಿ ಬಿರುಸಾಗುವುದು ಒಣಗುವುದರಿಂದ. ಫ್ರಿಜ್ಜಿನ ಗಾಳಿ ಒಣಗಾಳಿ, ಎಲ್ಲರಿಗೂ ಗೊತ್ತಿರುವ ಮಾತು. ಗಾಳಿಯಾಡದ ಡಬ್ಬದಲ್ಲಿ ಹಾಕಿ ಮುಚ್ಚಿದರೆ ಆಯಿತಲ್ಲ?

— ಆಗುವುದಿಲ್ಲ. ಅದನ್ನು ನೂರೆಪ್ಪತ್ತು ವರ್ಷಗಳ ಹಿಂದೆಯೇ ಒಬ್ಬರು ತೋರಿಸಿಕೊಟ್ಟಿದ್ದಾರೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಝಾನ್ ಬತಿಸ್ತ್ ಬೂಸಾಂಗೋ 1852ರಲ್ಲಿ ಬ್ರೆಡ್ಡಿನಿಂದ ತೇವ ಹೊರಹೋಗದಂತೆ ಭದ್ರವಾಗಿ ಮುಚ್ಚಿಟ್ಟ. ಆದರೂ ಅದು ಹಳತಾಯಿತು. ಹಾಗೆ ಬಿರುಸಾದದ್ದನ್ನು ಮತ್ತೆ ಬಿಸಿ ಮಾಡಿದಾಗ ಮೆತ್ತಗಾಯಿತು. ನೀರು ಹೋಗದಿದ್ದರೂ ಬಿರುಸು, ನೀರು ಸೇರಿಸದಿದ್ದರೂ ಮೆದು. ಅಂದ ಮೇಲೆ ಬದಲಾಗುತ್ತಿದ್ದದ್ದು ನೀರಿನ ಪ್ರಮಾಣವಲ್ಲ, ಒಳಗಿನ ಪಿಷ್ಟ. ಒಲೆಯ ಶಾಖಕ್ಕೆ ಮೈದಾದ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ, ಅವುಗಳೊಳಗಿನ ಅಚ್ಚುಕಟ್ಟಾದ ಜೋಡಣೆ ಸಡಿಲವಾಗುತ್ತದೆ. ಹೊಸ ಬ್ರೆಡ್ಡಿನ ಮೆದು ಎಂದರೆ ಆ ಸಡಿಲವೇ. ತಣ್ಣಗಾಗುತ್ತಿದ್ದಂತೆ ಸರಪಳಿಗಳು ಮತ್ತೆ ಒಂದರ ಪಕ್ಕ ಒಂದು ಸೇರಿ ಹರಳುಗಟ್ಟತೊಡಗುತ್ತವೆ. ಅಮೈಲೋಸ್ ಎಂಬ ನೇರ ಸರಪಳಿ ಕೆಲವೇ ಗಂಟೆಗಳಲ್ಲಿ ಈ ಕೆಲಸ ಮುಗಿಸುತ್ತದೆ. ಬ್ರೆಡ್ಡು ಕೊಯ್ಯಲು ಬರುವಷ್ಟು ನಿಲ್ಲುವುದೇ ಅದರಿಂದ. ಕವಲೊಡೆದ ಅಮೈಲೋಪೆಕ್ಟಿನ್ ಮಾತ್ರ ದಿನಗಟ್ಟಲೆ ತೆಗೆದುಕೊಳ್ಳುತ್ತದೆ, ಮತ್ತು ನಾವು ಹಳತು ಎಂದು ಕರೆಯುವುದು ಬಹುಪಾಲು ಅದರ ಕೆಲಸ. ರಾತ್ರಿಯ ಅನ್ನ ಫ್ರಿಜ್ಜಿನಲ್ಲಿ ಕೂತು ಬೆಳಿಗ್ಗೆ ಕಾಳುಕಾಳಾಗಿ ಸಿಗುವುದು, ಬಿಸಿ ಮಾಡಿದೊಡನೆ ಮೆತ್ತಗಾಗುವುದು ಇದೇ ಕ್ರಿಯೆ. ಮುಚ್ಚಳ ಎಷ್ಟು ಬಿಗಿಯಾಗಿದ್ದರೂ ಅನ್ನ ಕಾಳಾಗದೆ ಇರುವುದಿಲ್ಲವಲ್ಲ.

— ಅನ್ನದ ಮಾತು ಒಪ್ಪಿದೆ. ಆದರೆ ಹೊರಗಿಗಿಂತ ಫ್ರಿಜ್ಜಿನಲ್ಲೇ ಬೇಗ ಎನ್ನುವುದಕ್ಕೆ ಏನು ಆಧಾರ? ತಂಪಿನಲ್ಲಿ ಎಲ್ಲ ಕ್ರಿಯೆಯೂ ನಿಧಾನವಾಗಬೇಕು.

— ಎಲ್ಲವೂ ಅಲ್ಲ. ಹರಳುಗಟ್ಟುವ ಕ್ರಿಯೆಗೆ ಎರಡು ಬೇಡಿಕೆಗಳಿವೆ: ಹರಳಿನ ಬೀಜ ಹುಟ್ಟಬೇಕು, ಅದಕ್ಕೆ ತಂಪು ಬೇಕು, ಸರಪಳಿಗಳು ಸರಿದಾಡಿ ಬಂದು ಸೇರಬೇಕು, ಅದಕ್ಕೆ ನೀರು ದ್ರವವಾಗಿರಬೇಕು. ಬಿಸಿಯಲ್ಲಿ ಮೊದಲನೆಯದು ನಡೆಯದು, ಹಿಮವಾದರೆ ಎರಡನೆಯದು ನಡೆಯದು. ಎರಡೂ ಸಲೀಸಾಗಿ ಕೂಡಿಬರುವುದು ಸೊನ್ನೆಗಿಂತ ಸ್ವಲ್ಪ ಮೇಲೆ, ಅಂದರೆ ಸರಿಯಾಗಿ ಫ್ರಿಜ್ಜಿನ ಉಷ್ಣತೆಯಲ್ಲಿ. ಹಾಲೆಂಡಿನ ಯೋಹಾನ್ ಕಾಟ್ಸ್ ಕಳೆದ ಶತಮಾನದ ಮೊದಲ ದಶಕಗಳಲ್ಲಿ ಇದನ್ನು ಅಳೆದ. ಬೇಕರಿ ಕಾರ್ಮಿಕರ ರಾತ್ರಿ ದುಡಿಮೆಯನ್ನು ನಿಲ್ಲಿಸಬೇಕೆಂಬ ಚರ್ಚೆ ಅಲ್ಲಿ ನಡೆಯುತ್ತಿದ್ದ ಕಾಲವದು. ಹಿಂದಿನ ದಿನ ಸುಟ್ಟದ್ದನ್ನು ಬೆಳಿಗ್ಗೆ ತಾಜಾ ಎಂದು ಮಾರಲು ಸಾಧ್ಯವೇ ಎಂಬುದು ಬರೀ ಪ್ರಯೋಗಾಲಯದ ಕುತೂಹಲ ಆಗಿರಲಿಲ್ಲ. ಅವನು ಕಂಡದ್ದು: 60 ಡಿಗ್ರಿ ಸೆಲ್ಸಿಯಸ್ಸಿನ ಮೇಲೆ ಬ್ರೆಡ್ಡು ಹಳತಾಗುವುದಿಲ್ಲ, ಚೆನ್ನಾಗಿ ಹೆಪ್ಪುಗಟ್ಟಿಸಿದರೂ ಹಳತಾಗುವುದಿಲ್ಲ, ಸೊನ್ನೆಯ ಆಸುಪಾಸಿನಲ್ಲಿ ಎಲ್ಲಕ್ಕಿಂತ ಬೇಗ ಹಳತಾಗುತ್ತದೆ. ಹೆರಾಲ್ಡ್ ಮೆಕ್‌ಗೀ ಅಡುಗೆಯ ವಿಜ್ಞಾನದ ಬಗೆಗಿನ ತಮ್ಮ ಪುಸ್ತಕದಲ್ಲಿ ಇನ್ನೊಂದು ಪ್ರಯೋಗವನ್ನು ಹೇಳುತ್ತಾರೆ. ಸುಮಾರು 8 ಡಿಗ್ರಿಯಲ್ಲಿ ಒಂದು ದಿನ ಇಟ್ಟ ಬ್ರೆಡ್ಡು, 30 ಡಿಗ್ರಿಯಲ್ಲಿ ಆರು ದಿನ ಇಟ್ಟದ್ದರಷ್ಟೇ ಬಿರುಸಾಗಿತ್ತಂತೆ. 30 ಡಿಗ್ರಿ ಎಂದರೆ ಬೇಸಿಗೆಯ ನಮ್ಮ ಅಡುಗೆಮನೆ.

— ಆ ಅಡುಗೆಮನೆಯಲ್ಲಿ ಆರು ದಿನ ಬ್ರೆಡ್ಡು ಉಳಿಯುತ್ತದೆಯೇ? ಆಷಾಢದ ಮಳೆಯಲ್ಲಿ ಮಂಗಳೂರಿಗೋ ಉಡುಪಿಗೋ ಹೋಗಿ ನೋಡಿ. ಮೂರನೆಯ ದಿನಕ್ಕೆ ಹಸಿರು ಬೂಷ್ಟು. ಬಿರುಸಾದ ಬ್ರೆಡ್ಡನ್ನು ತಿನ್ನಬಹುದು, ಬೂಷ್ಟು ಹಿಡಿದದ್ದನ್ನು ಎಸೆಯಬೇಕು. ಹಾಲೆಂಡಿನ ಲೆಕ್ಕ ಹಾಲೆಂಡಿಗೆ ಇರಲಿ.

— ಇದು ನಿಜವಾದ ಆಕ್ಷೇಪ. ಇದನ್ನು ಬದಿಗೆ ತಳ್ಳಿ ಮುಂದೆ ಹೋದರೆ ನನ್ನ ವಾದ ನಿಲ್ಲುವುದಿಲ್ಲ. ಬ್ರೆಡ್ಡಿಗೆ ಇಬ್ಬರು ಶತ್ರುಗಳು, ಒಬ್ಬೊಬ್ಬರದು ಒಂದೊಂದು ಗಡಿಯಾರ. ಬೂಷ್ಟಿನ ಗಡಿಯಾರ ಸೆಕೆ ಮತ್ತು ತೇವದಲ್ಲಿ ಓಡುತ್ತದೆ, ಪಿಷ್ಟದ್ದು ತಂಪಿನಲ್ಲಿ ಓಡುತ್ತದೆ. ಫ್ರಿಜ್ಜು ಒಂದನ್ನು ನಿಧಾನಿಸಿ ಇನ್ನೊಂದನ್ನು ಓಡಿಸುತ್ತದೆ. ಕರಾವಳಿಯಲ್ಲಿ ಹೊರಗಿಡಲು ಎರಡು ದಿನ, ಬಯಲುಸೀಮೆಯ ಚಳಿಗಾಲದಲ್ಲಿ ನಾಲ್ಕು ದಿನ ಎಂದು ಬೇಕಾದರೆ ಇಟ್ಟುಕೊಳ್ಳಿ. ಆ ಅವಧಿಯಲ್ಲಿ ಮುಗಿಯುವಷ್ಟನ್ನು ಹೊರಗಿಟ್ಟು ಮಿಕ್ಕದ್ದನ್ನು ತಂದ ದಿನವೇ ಫ್ರೀಜರಿಗೆ ಹಾಕಿದರೆ ಎರಡು ಗಡಿಯಾರಗಳೂ ನಿಲ್ಲುತ್ತವೆ. ಕರಾವಳಿಯ ಹವೆ ನನ್ನ ವಾದವನ್ನು ತಳ್ಳಿಹಾಕುವುದಿಲ್ಲ, ಹೊರಗಿಡುವ ಅವಧಿಯನ್ನು ಕಿರಿದಾಗಿಸಿ ಫ್ರೀಜರಿನ ಪಾಲನ್ನು ಹೆಚ್ಚಿಸುತ್ತದೆ, ಅಷ್ಟೆ. ಒಂದು ವಿನಾಯಿತಿಯನ್ನು ಮಾತ್ರ ಧಾರಾಳವಾಗಿ ಕೊಡುತ್ತೇನೆ. ಪ್ರತಿ ಹೋಳನ್ನೂ ಕಾವಲಿಯ ಮೇಲೆ ತುಪ್ಪ ಹಾಕಿ ಸುಟ್ಟೇ ತಿನ್ನುವ ಮನೆಯಲ್ಲಿ ಫ್ರಿಜ್ಜಿನ ಬ್ರೆಡ್ಡಿನಿಂದ ನಷ್ಟವೇನಿಲ್ಲ. 60 ಡಿಗ್ರಿ ದಾಟಿದೊಡನೆ ಅಮೈಲೋಪೆಕ್ಟಿನ್ನಿನ ಹರಳು ಕರಗುತ್ತದೆ, ಬೂಸಾಂಗೋ ಕಂಡದ್ದು ಅದನ್ನೇ. ಆದರೆ ಹುಟ್ಟುಹಬ್ಬದ ಕೇಕನ್ನು ಯಾರೂ ಕಾವಲಿಯ ಮೇಲೆ ಹಾಕುವುದಿಲ್ಲ.

— ಹಾಗೆ ಹೇಳುವಾಗ ನೀವೇ ಒಂದು ಬಾಗಿಲು ತೆರೆದಿರಿ. ಕೇಕು ಬ್ರೆಡ್ಡಲ್ಲ. ಅದರಲ್ಲಿ ಸಕ್ಕರೆ, ಬೆಣ್ಣೆ, ಮೊಟ್ಟೆ ಇದೆ. ಬ್ರೆಡ್ಡಿನ ಪ್ರಯೋಗವನ್ನು ತಂದು ಕೇಕಿಗೆ ಅಂಟಿಸಿದರೆ ಹೇಗೆ?

— ಅಂಟಿಸಬಾರದು, ಸಡಿಲಿಸಿ ಹೇಳಬೇಕು. ಸಕ್ಕರೆ ನೀರನ್ನು ತನ್ನ ಕಡೆಗೆ ಹಿಡಿದಿಟ್ಟುಕೊಂಡು ಪಿಷ್ಟದ ಓಡಾಟವನ್ನು ತಡೆಯುತ್ತದೆ, ಜಿಡ್ಡು ಕೂಡ ಅಡ್ಡ ಬರುತ್ತದೆ. ಆದ್ದರಿಂದ ಕೇಕು ಬ್ರೆಡ್ಡಿಗಿಂತ ನಿಧಾನವಾಗಿ ಹಳತಾಗುತ್ತದೆ, ಫ್ರಿಜ್ಜಿನ ಪೆಟ್ಟೂ ಅದಕ್ಕೆ ಮೆಲ್ಲಗೆ ಬೀಳುತ್ತದೆ. ಆದರೆ ಬೆಣ್ಣೆ ಹಾಕಿದ ಕೇಕಿಗೆ ಫ್ರಿಜ್ಜಿನಲ್ಲಿ ಇನ್ನೊಂದು ಕಾರಣದಿಂದಲೂ ಗಟ್ಟಿತನ ಬರುತ್ತದೆ: ಬೆಣ್ಣೆಯೇ ಹೆಪ್ಪುಗಟ್ಟುತ್ತದೆ. ಇದು ಹೊರಗೆ ಇಟ್ಟರೆ ಕರಗುವ ಗಟ್ಟಿ, ಪಿಷ್ಟದ್ದು ಕರಗದ ಗಟ್ಟಿ. ಬಾಯಿಗೆ ಎರಡೂ ಒಂದೇ. ಎಣ್ಣೆ ಹಾಕಿದ ಕೇಕಿಗೆ ಬೆಣ್ಣೆಯ ತೊಂದರೆ ಇಲ್ಲ. ನಮ್ಮ ಅಯ್ಯಂಗಾರ್ ಬೇಕರಿಗಳ ಹನಿ ಕೇಕನ್ನು ನೋಡಿ. ಸ್ಪಂಜಿಗೆ ಸಕ್ಕರೆ ಪಾಕ ಕುಡಿಸಿ, ಮೇಲೆ ಜಾಮು ಸವರಿ, ಒಣಕೊಬ್ಬರಿ ಉದುರಿಸಿದ ಆ ತುಂಡು ಗಾಜಿನ ಕಪಾಟಿನಲ್ಲಿ ಫ್ಯಾನಿನ ಗಾಳಿಗೆ ಕೂತಿರುತ್ತದೆ, ಆದರೂ ಮೆದು. ಪಾಕವೇ ಅದರ ಫ್ರಿಜ್ಜು. ಅದೇ ಬೇಕರಿಯ ರಸ್ಕು ಇನ್ನೊಂದು ತುದಿ. ನೀರನ್ನೇ ಪೂರ್ತಿ ತೆಗೆದುಬಿಟ್ಟರೆ ಬೂಷ್ಟಿಗೂ ಬದುಕಿಲ್ಲ, ಪಿಷ್ಟಕ್ಕೂ ಸರಿದಾಡಲು ಜಾಗವಿಲ್ಲ. ಫ್ರೀಜರು ಬರುವ ಮುಂಚೆ ಉಳಿದ ಬ್ರೆಡ್ಡಿಗೆ ಇದ್ದ ಜಾಣ ದಾರಿ ಇದು, ಈಗಲೂ ಕೆಟ್ಟದ್ದಲ್ಲ. ಕೇಕಿನ ವಿಷಯದಲ್ಲಿ ನಾನು ಇಷ್ಟು ಮಾತ್ರ ಹೇಳುತ್ತೇನೆ: ಫ್ರಿಜ್ಜಿನಿಂದ ಅದಕ್ಕೆ ಆಗುವ ಹಾನಿ ಬ್ರೆಡ್ಡಿಗಿಂತ ಕಡಿಮೆ, ಆದರೆ ಮೆದುತನದ ಮಟ್ಟಿಗೆ ಲಾಭ ಸೊನ್ನೆ. ಲಾಭ ಇರುವುದು ಅದರ ಮೇಲಿನ ಕ್ರೀಮಿಗೆ, ಅದೂ ಕೆಲವು ಬಗೆಯದಕ್ಕೆ.

— ಕ್ರೀಮಿನಲ್ಲಿ ಬಗೆ ಎಂಥದು? ಬಿಳಿಯದು, ಕಂದು ಬಣ್ಣದ್ದು, ಗುಲಾಬಿಯದು.

— ಬಣ್ಣ ಮರೆತುಬಿಡಿ, ನೀರು ಎಷ್ಟು ಸಕ್ಕರೆ ಎಷ್ಟು ನೋಡಿ. ಮನೆಯಲ್ಲಿ ಮಾಡುವ ಸಾದಾ ಬಟರ್‌ಕ್ರೀಮಿಗೆ ನೂರು ಗ್ರಾಂ ಬೆಣ್ಣೆಗೆ ಇನ್ನೂರು ಗ್ರಾಂ ಐಸಿಂಗ್ ಸಕ್ಕರೆ. ಬೆಣ್ಣೆಯಲ್ಲಿ ನೀರು ಸುಮಾರು 16 ಗ್ರಾಂ. ಕೋಣೆಯ ಉಷ್ಣತೆಯಲ್ಲಿ ನೀರು ತನ್ನ ತೂಕದ ಎರಡರಷ್ಟು ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು, ಅಂದರೆ ಈ ನೀರು ತೃಪ್ತವಾಗಲು 32 ಗ್ರಾಂ ಸಾಕು. ಮಿಕ್ಕ ಸಕ್ಕರೆ ಪುಡಿಯಾಗಿಯೇ ಉಳಿಯುತ್ತದೆ. ಎರಡು ಚಮಚ ಹಾಲು ಸೇರಿಸಿದರೂ ನೀರು 45 ಗ್ರಾಂ ದಾಟುವುದಿಲ್ಲ, ಸಕ್ಕರೆ ಆಗಲೂ ಬೇಕಾದ್ದಕ್ಕಿಂತ ಎರಡು ಪಟ್ಟು. ಹೀಗೆ ಸಕ್ಕರೆಯಿಂದ ತುಂಬಿಹೋದ ನೀರಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಕುಡಿಯಲು ಹನಿಯಿಲ್ಲ. ಈಗ ಹಾಲಿನ ಕ್ರೀಮು ತೆಗೆದುಕೊಳ್ಳಿ, ನೊರೆ ಬರುವಂತೆ ಕಡೆದದ್ದು. ಅದರಲ್ಲಿ ಜಿಡ್ಡು ಮೂರನೆಯ ಒಂದು ಪಾಲಿನಷ್ಟು, ನೀರು ಅರ್ಧಕ್ಕಿಂತ ಹೆಚ್ಚು, ಸಕ್ಕರೆ ನಾಲ್ಕು ಚಮಚ ಇದ್ದರೆ ಹೆಚ್ಚು. ಇದು ಸಿಹಿ ಹಾಕಿದ ಹಾಲೇ ಸರಿ, ಕೆಡುವುದೂ ಹಾಲಿನಂತೆಯೇ. ಅಮೆರಿಕದ ಕೃಷಿ ಇಲಾಖೆ ಇಂಥ ಪದಾರ್ಥಗಳನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು, 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದೇ ಗಂಟೆ ಎನ್ನುತ್ತದೆ. ಕಲಬುರಗಿಯ ಏಪ್ರಿಲ್ಲಿಗೆ ಆ ಎರಡನೆಯ ಮಾತೇ ಅನ್ವಯಿಸುತ್ತದೆ.

— ಅಲ್ಲಿಗೆ ನನ್ನ ಫ್ರಿಜ್ಜಿಗೇ ಬಂದಿರಿ. ಕ್ರೀಮ್ ಕೇಕಾದರೆ ಒಳಗಿಡಲೇಬೇಕಲ್ಲ.

— ಇಡಲೇಬೇಕು, ಸುರಕ್ಷತೆ ಮೊದಲು, ಮೆದು ಆಮೇಲೆ. ನಾನು ಆಕ್ಷೇಪಿಸುವುದು ಅದನ್ನು ಅಲ್ಲೇ ಐದು ದಿನ ಬಿಡುವುದನ್ನು. ಕ್ರೀಮಿಗೆ ಫ್ರಿಜ್ಜು ಬೇಕು, ಕೇಕಿಗೆ ಬೇಡ; ಒಂದೇ ಪೆಟ್ಟಿಗೆಯಲ್ಲಿರುವ ಎರಡು ಪದಾರ್ಥಗಳಿಗೆ ಎರಡು ವಿರುದ್ಧ ಬೇಡಿಕೆ. ಅದಕ್ಕೇ ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆಯಾಗಿ ಯೋಚಿಸಬೇಕು ಎನ್ನುವುದು. ಮನೆಯಲ್ಲೇ ಕೇಕು ಮಾಡಿ ಮಾರುವವರಿಗೆ ಇದು ದಿನನಿತ್ಯದ ಲೆಕ್ಕ, ಏಕೆಂದರೆ ಅವರ ಬಳಿ ಉಳಿಯುವುದು ತಿಂದು ಬಿಟ್ಟ ಕೇಕಲ್ಲ, ಬಟ್ಟಲಿನಲ್ಲಿ ಉಳಿದ ಫ್ರಾಸ್ಟಿಂಗು ಮತ್ತು ಅಂಚು ಕತ್ತರಿಸಿದ ಸ್ಪಂಜು. ಸ್ಪಂಜು ಪೂರ್ತಿ ತಣಿದ ಮೇಲೆ ಸುತ್ತಿ ಫ್ರೀಜರಿಗೆ ಹಾಕಿದರೆ ಎರಡು ಮೂರು ತಿಂಗಳು ಏನೂ ಆಗುವುದಿಲ್ಲ. ಅರೆಹೆಪ್ಪಿನಲ್ಲಿ ಕತ್ತರಿಸಲು, ಕ್ರೀಮು ಹಚ್ಚಲು ಇನ್ನೂ ಸುಲಭ, ಪುಡಿ ಉದುರುವುದಿಲ್ಲ. ಬಟರ್‌ಕ್ರೀಮು ಮೂರು ತಿಂಗಳು ಸಲೀಸಾಗಿ ನಿಲ್ಲುತ್ತದೆ. ಅದರಲ್ಲಿ ಹಿಮವಾಗಲು ನೀರೇ ಕಡಿಮೆ, ಇರುವ ನೀರೂ ಸಕ್ಕರೆಯ ದೆಸೆಯಿಂದ ಸುಲಭಕ್ಕೆ ಹೆಪ್ಪುಗಟ್ಟದು. ತೆಗೆದ ಮೇಲೆ ಕೋಣೆಯ ಹದಕ್ಕೆ ಬರಲು ಬಿಟ್ಟು ಮತ್ತೆ ಕಡೆಯಬೇಕು, ಅವಸರಪಟ್ಟರೆ ಬೆಣ್ಣೆ ಗಂಟುಗಂಟಾಗಿಯೇ ಉಳಿಯುತ್ತದೆ. ಮೊಟ್ಟೆಯ ಬಿಳಿಯನ್ನೂ ಬಿಸಿ ಸಕ್ಕರೆಯನ್ನೂ ಕಡೆದು ಬೆಣ್ಣೆ ಸೇರಿಸುವ ಸ್ವಿಸ್, ಇಟಾಲಿಯನ್ ಬಗೆಗಳು ಕರಗುವಾಗ ಒಡೆದ ಹಾಲಿನಂತೆ ಕಂಡು ಹೆದರಿಸುತ್ತವೆ. ಸುಮ್ಮನೆ ಕಡೆಯುತ್ತ ಹೋದರೆ ಮತ್ತೆ ಕೂಡಿಕೊಳ್ಳುತ್ತವೆ. ಆ ಗಳಿಗೆಯಲ್ಲಿ ಹೆದರಿ ಚೆಲ್ಲಿದ ಫ್ರಾಸ್ಟಿಂಗು ಎಷ್ಟಿರಬಹುದೋ. ಚಾಕೊಲೇಟಿನ ಗನಾಶ್ ಚೆನ್ನಾಗಿಯೇ ಹೆಪ್ಪುಗಟ್ಟುತ್ತದೆ. ಕ್ರೀಮ್ ಚೀಸ್ ಮರಳುಮರಳಾಗಿ ಸ್ವಲ್ಪ ನೀರು ಬಿಡುತ್ತದೆ, ಕಡೆದರೆ ಬಹುಪಾಲು ಸರಿಹೋಗುತ್ತದೆ.

— ಒಲ್ಲದವು ಯಾವುವು?

— ಬರೀ ಮೊಟ್ಟೆಯ ಬಿಳಿಯನ್ನು ನೊರೆಯಾಗಿಸಿ ಮಾಡಿದ ಐಸಿಂಗು ಕುಸಿಯುತ್ತದೆ. ಕಾರ್ನ್‌ಫ್ಲೋರ್ ಹಾಕಿ ಕಾಸಿದ ಕಸ್ಟರ್ಡು ಸ್ಪಂಜಿನಂತಾಗಿ ನೀರು ಕಕ್ಕುತ್ತದೆ, ಅಲ್ಲೂ ಅದೇ ಪಿಷ್ಟದ ಹರಳು ನೀರನ್ನು ಹೊರಗೆ ಹಿಂಡುತ್ತದೆ. ಫಾಂಡಂಟು ಫ್ರೀಜರಿನಲ್ಲಿ ಕೆಡುವುದಿಲ್ಲ, ಹೊರಗೆ ತೆಗೆದಾಗ ಬೆವರಿ ಜಿಗುಟಾಗುತ್ತದೆ, ಬಣ್ಣ ಹರಿಯುತ್ತದೆ. ಕಡೆದ ಹಾಲಿನ ಕ್ರೀಮಿನ ನೊರೆ ಜಾರಿ ನೀರು ಬೇರೆಯಾಗುತ್ತದೆ. ಇಲ್ಲೊಂದು ಗೊಂದಲ ಇದೆ. ನಮ್ಮ ಬೇಕರಿಗಳ ಕೇಕಿನ ಮೇಲೆ ಬೆಳ್ಳಗೆ ಉಬ್ಬಿನಿಂತಿರುವುದು ಹೆಚ್ಚಾಗಿ ಹಾಲಿನ ಕ್ರೀಮಲ್ಲ. ತಾಳೆಬೀಜದ ಎಣ್ಣೆಯನ್ನು ಗಟ್ಟಿಮಾಡಿ, ನೀರು ಸಕ್ಕರೆ ಸೇರಿಸಿ, ಅಂಟುಗಳಿಂದ ಹಿಡಿದು ನಿಲ್ಲಿಸಿದ ವಿಪ್ಪಿಂಗ್ ಕ್ರೀಮು ಅದು, ಕಾರ್ಖಾನೆಯಿಂದ ಬರುವುದೇ ಹೆಪ್ಪುಗಟ್ಟಿ. ನಾಲಿಗೆಗೆ ಅದು ಹಾಲಿನ ಕ್ರೀಮಿಗೆ ಸಮನಲ್ಲ ಎನ್ನುವವರ ಪಕ್ಷ ನನ್ನದೂ. ಆದರೆ ಚಳಿ ತಾಳುವುದರಲ್ಲಿ ಅದು ಹಾಲಿನ ಕ್ರೀಮಿಗಿಂತ ಗಟ್ಟಿಗ. ಹಾಗಾಗಿ ಬೇಕರಿಯಿಂದ ತಂದು ಉಳಿದ ಕೇಕನ್ನು ಫ್ರೀಜರಿಗೆ ಹಾಕಲು ಹೆದರುವ ಕಾರಣವಿಲ್ಲ. ಹೋಳು ಮಾಡಿ, ತಟ್ಟೆಯ ಮೇಲೆ ಮುಚ್ಚದೆ ಒಂದೆರಡು ಗಂಟೆ ಇಟ್ಟು ಕ್ರೀಮು ಕಲ್ಲಾದ ಮೇಲೆ ಸುತ್ತಿದರೆ ಹೂವಿನ ಎಸಳೂ ಅಳಿಯುವುದಿಲ್ಲ.

— ಸುತ್ತುವುದೇನು ಅಷ್ಟು ದೊಡ್ಡದು? ಫ್ರೀಜರಿನಲ್ಲಿ ಎಲ್ಲವೂ ನಿಂತುಹೋಗುತ್ತದೆ ಎಂದಿರಿ.

— ಪಿಷ್ಟ ಮತ್ತು ಬೂಷ್ಟು ನಿಲ್ಲುತ್ತವೆ ಎಂದೆ. ಎರಡು ಕೆಲಸಗಳು ನಿಲ್ಲುವುದಿಲ್ಲ. ಒಂದು, ಹಿಮ ನೀರಾಗದೆ ನೇರವಾಗಿ ಆವಿಯಾಗುವುದು. ಫ್ರಾಸ್ಟ್‌ಫ್ರೀ ಯಂತ್ರಗಳಲ್ಲಿ ಹಿಮ ಕಟ್ಟದಿರಲೆಂದು ಆಗಾಗ ಒಂದು ತಂತಿ ಬಿಸಿಯಾಗಿ ಆರುತ್ತದೆ, ಆ ಏರಿಳಿತಕ್ಕೆ ಸಡಿಲವಾಗಿ ಸುತ್ತಿದ ಬ್ರೆಡ್ಡಿನ ಅಂಚು ಬೆಳ್ಳಗೆ ಒಣಗುತ್ತದೆ, ಚೀಲದೊಳಗೆ ಹಿಮದ ಪುಡಿ ಉದುರಿರುತ್ತದೆ. ಇನ್ನೊಂದು, ಜಿಡ್ಡು ಗಾಳಿಯೊಡನೆ ಸೇರಿ ಕಮಟಾಗುವುದು. ಅದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಇದಕ್ಕೆ ಅಂಟಾರ್ಕ್ಟಿಕಾದಿಂದಲೇ ಸಾಕ್ಷಿ ಬಂದಿದೆ. 2017ರಲ್ಲಿ ನ್ಯೂಜಿಲೆಂಡಿನ ಅಂಟಾರ್ಕ್ಟಿಕ್ ಹೆರಿಟೇಜ್ ಟ್ರಸ್ಟಿನವರಿಗೆ ಕೇಪ್ ಅಡೇರ್‌ನ ಹಳೆಯ ಗುಡಿಸಲಿನಲ್ಲಿ ಹಂಟ್ಲಿ ಅಂಡ್ ಪಾಮರ್ಸ್ ಕಂಪನಿಯ ಒಂದು ಫ್ರೂಟ್ ಕೇಕು ಸಿಕ್ಕಿತು, ಕ್ಯಾಪ್ಟನ್ ಸ್ಕಾಟ್‌ನ 1910ರ ಟೆರ್ರಾ ನೋವಾ ಯಾತ್ರೆಯ ಕಾಲದ್ದು. ತಗಡಿನ ಡಬ್ಬ ತುಕ್ಕು ಹಿಡಿದಿತ್ತು. ಒಳಗಿನ ಕೇಕು ನೋಡಲು ತಿನ್ನುವಂತೆಯೇ ಇತ್ತು, ಹತ್ತಿರ ಮೂಗಿಟ್ಟರೆ ಮಾತ್ರ ಕಮಟು ಬೆಣ್ಣೆಯ ತುಸು ವಾಸನೆ. ನೂರು ವರ್ಷದ ಚಳಿ ಬೂಷ್ಟನ್ನು ಸೋಲಿಸಿತು, ಬೆಣ್ಣೆಯ ಮೇಲಿನ ಗಾಳಿಯನ್ನು ಪೂರ್ತಿ ಸೋಲಿಸಲಿಲ್ಲ. ಮನೆಯ ಫ್ರೀಜರಿನಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ: ಜಿಡ್ಡು ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ. ಬಂಗುಡೆ ಮೀನಿನ ಪಕ್ಕ ತೆರೆದಿಟ್ಟ ಬಟರ್‌ಕ್ರೀಮು ವೆನಿಲ್ಲಾ ಆಗಿ ಉಳಿಯುವುದಿಲ್ಲ. ಮೈಗೆ ಅಂಟುವಂತೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ಆಮೇಲೆ ಡಬ್ಬ. ಕರಗಿಸುವಾಗ ಸುತ್ತಿದ್ದನ್ನು ಬಿಚ್ಚಬಾರದು. ಹೊರಗಿನ ಗಾಳಿಯ ತೇವ ಹನಿಯಾಗಿ ಕೂರುವುದು ಹಾಳೆಯ ಮೇಲಿರಲಿ, ಕೇಕಿನ ಮೇಲೆ ಬೇಡ.

— ಕರಗಿಸುವಾಗ ಅದು ನಿಮ್ಮ ಮುರಿದ ಮೆಟ್ಟಿಲಿನ ಮೇಲೇ ಇಳಿದು ಬರಬೇಕಲ್ಲ? ಮೈನಸ್ 18ರಿಂದ 30ಕ್ಕೆ ಬರುವ ದಾರಿಯಲ್ಲಿ ಸೊನ್ನೆ, ನಾಲ್ಕು, ಎಂಟು ಎಲ್ಲ ಇವೆ.

— ಇವೆ, ಹೋಗುವಾಗಲೂ ಇವೆ. ಅದಕ್ಕಾಗಿಯೇ ಆ ದಾರಿಯನ್ನು ಬೇಗ ದಾಟಿಸಬೇಕು. ಇಡೀ ಬ್ರೆಡ್ಡನ್ನೋ ಒಂದು ಕಿಲೋ ಕೇಕನ್ನೋ ಗುಡ್ಡೆಯಾಗಿ ಇಟ್ಟರೆ ಅದರ ನಡುಭಾಗ ಗಂಟೆಗಟ್ಟಲೆ ಆ ವಲಯದಲ್ಲೇ ಕೊಳೆಯುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಹಿಮದ ಹರಳುಗಳೂ ದಪ್ಪವಾಗಿ ಬೆಳೆದು ಒಳಗಿನ ಹೆಣಿಗೆಯನ್ನು ಹರಿಯುತ್ತವೆ. ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕನ್ ಒಂದನೆಯ ಮಹಾಯುದ್ಧದ ಹೊತ್ತಿಗೆ ಲ್ಯಾಬ್ರಡಾರಿನ ಚಳಿಯಲ್ಲಿ ಮೀನು ಕ್ಷಣಾರ್ಧದಲ್ಲಿ ಗಡ್ಡೆಕಟ್ಟುವುದನ್ನು ನೋಡಿ ಕಲಿತದ್ದು ಇದನ್ನೇ, ಮುಂದೆ ಒಂದು ಉದ್ಯಮವೇ ಹುಟ್ಟಿತು. ಮನೆಯಲ್ಲಿ ಆ ಯಂತ್ರ ಇಲ್ಲ, ಆದರೆ ತೆಳ್ಳಗೆ ಮಾಡುವುದು ನಮ್ಮ ಕೈಯಲ್ಲಿದೆ. ಹೋಳುಗಳಾಗಿ, ಒಂದೇ ಪದರದಲ್ಲಿ, ಫ್ರೀಜರಿನ ತಳಕ್ಕೆ ತಾಗುವಂತೆ ಇಟ್ಟರೆ ಹೋಗುವುದೂ ಬೇಗ, ಬರುವುದೂ ಬೇಗ. ಬ್ರೆಡ್ಡಿನ ಹೋಳನ್ನು ನೇರ ಕಾವಲಿಗೇ ಹಾಕಬಹುದು. ಕ್ರೀಮಿಲ್ಲದ ಕೇಕಿನ ಹೋಳು ಹೊರಗೆ ಒಂದು ಗಂಟೆಯೊಳಗೆ ಸಿದ್ಧ. ಕ್ರೀಮಿದ್ದದ್ದನ್ನು ಫ್ರಿಜ್ಜಿನಲ್ಲೇ ಕರಗಿಸಬೇಕು, ಅಲ್ಲಿ ಸ್ವಲ್ಪ ಮೆದು ಕಳೆದುಕೊಳ್ಳುವುದು ಅನಿವಾರ್ಯ, ಅದನ್ನು ಮುಚ್ಚಿಡುವುದಿಲ್ಲ. ಪಪ್ಸು, ಕ್ರೊಸಾನ್‌ಗಳಂಥ ಪದರಪದರವಾದವನ್ನು ಮಾತ್ರ ಸುಟ್ಟ ಮೇಲೆ ಹೆಪ್ಪುಗಟ್ಟಿಸುವುದಕ್ಕಿಂತ ಹಸಿಯಾಗಿಯೇ ಹೆಪ್ಪುಗಟ್ಟಿಸಿ ಬೇಕಾದಾಗ ಸುಡುವುದು ಮೇಲು. ಬಿಸ್ಕತ್ತಿನ ಹಿಟ್ಟಿಗೂ ಅದೇ.

— ಫ್ರೀಜರು ಫ್ರೀಜರು ಎನ್ನುತ್ತೀರಿ. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿರುವ ಆ ಹಿಮ ಮೆತ್ತಿದ ಗೂಡಿನಲ್ಲಿ ಐಸ್‌ಕ್ರೀಮೇ ನಿಲ್ಲುವುದಿಲ್ಲ, ಎರಡು ದಿನಕ್ಕೆ ಪಾಯಸ. ನಮ್ಮಲ್ಲಿ ಲಕ್ಷಾಂತರ ಮನೆಗಳಲ್ಲಿರುವುದು ಅದೇ.

— ಇದು ಎರಡನೆಯ ಗಟ್ಟಿ ಆಕ್ಷೇಪ, ಮತ್ತು ಇಲ್ಲಿ ನನ್ನ ಸಲಹೆ ನಿಜವಾಗಿಯೂ ಕುಂಟುತ್ತದೆ. ಫ್ರೀಜರಿನ ಗೂಡಿಗೆ ಹಿಮನಕ್ಷತ್ರಗಳ ಒಂದು ಅಂತರರಾಷ್ಟ್ರೀಯ ಗುರುತು ಇದೆ: ಒಂದಾದರೆ ಮೈನಸ್ 6, ಎರಡಾದರೆ ಮೈನಸ್ 12, ಮೂರಾದರೆ ಮೈನಸ್ 18. ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ದೊಡ್ಡದಾಗಿ ಅಂಟಿಸಿರುವ ನಕ್ಷತ್ರಗಳು ಇವಲ್ಲ. ಅವು ವಿದ್ಯುತ್ ಉಳಿತಾಯದ ಲೆಕ್ಕ. ಐದು ನಕ್ಷತ್ರದ ಫ್ರಿಜ್ಜಿನಲ್ಲಿ ಅಷ್ಟೇನೂ ಕೊರೆಯದ ಗೂಡು ಇರುವುದಕ್ಕೆ ಅಡ್ಡಿಯಿಲ್ಲ. ಮೈನಸ್ 6ರಲ್ಲಿ ಬ್ರೆಡ್ಡಿನ ನೀರು ಹೆಪ್ಪುಗಟ್ಟಲು ಆಗತಾನೆ ಶುರು ಮಾಡಿರುತ್ತದೆ. ಅಂಥ ಗೂಡಿನಲ್ಲಿ ತಿಂಗಳುಗಳ ಮಾತಿಲ್ಲ, ಒಂದು ವಾರ ಎಂದುಕೊಳ್ಳಿ. ಅದೂ ಕೆಳಗಿನ ತಂಪಿಗಿಂತ ವಾಸಿ. ಐಸ್‌ಕ್ರೀಮು ಕಲ್ಲಿನಂತೆ ನಿಂತರೆ ಗೂಡು ಸಾಕಷ್ಟು ಕೊರೆಯುತ್ತಿದೆ ಎಂದರ್ಥ, ಚಮಚ ಸಲೀಸಾಗಿ ಇಳಿದರೆ ಇಲ್ಲ. ಈ ಪರೀಕ್ಷೆಗೆ ಥರ್ಮಾಮೀಟರು ಬೇಡ.

— ಯಂತ್ರದ ಮಾತು ಸಾಕು. ನಮ್ಮ ಹಿರಿಯರು ರಾತ್ರಿ ಕಳೆದದ್ದನ್ನು ತಂಗಳು ಎಂದು ದೂರವಿಟ್ಟರು. ಮೂರು ತಿಂಗಳ ಹಳೆಯದನ್ನು ತೆಗೆದು ತಾಜಾ ಎಂದು ಬಡಿಸುವುದು ಯಾವ ನ್ಯಾಯ? ಉಳಿದದ್ದನ್ನು ಅಕ್ಕಪಕ್ಕದವರಿಗೆ ಕೊಟ್ಟರೆ ಈ ತಾಪತ್ರಯವೇ ಇಲ್ಲ.

— ಕೊಡುವುದು ಎಲ್ಲಕ್ಕಿಂತ ಒಳ್ಳೆಯದು, ಅದಕ್ಕೆ ಎದುರಾಡುವುದಿಲ್ಲ. ಆದರೆ ನಾವು ಕೊಡುವುದು ಯಾವಾಗ ಎಂದು ನೋಡಿದ್ದೀರಾ? ಮೂರು ದಿನ ಫ್ರಿಜ್ಜಿನಲ್ಲಿಟ್ಟು, ಮನೆಯವರಿಗೆ ಬೇಡವಾದ ಮೇಲೆ. ತಂಗಳಿನ ವಿಷಯದಲ್ಲೂ ಹಿರಿಯರ ಎಚ್ಚರ ಸರಿಯಾದದ್ದೇ. ಫ್ರಿಜ್ಜಿಲ್ಲದ ಕಾಲದಲ್ಲಿ ರಾತ್ರಿ ಕಳೆದ ಅಡುಗೆಯಲ್ಲಿ ಏನು ಬೆಳೆದಿದೆಯೋ ತಿಳಿಯುತ್ತಿರಲಿಲ್ಲ. ಆ ಎಚ್ಚರವನ್ನೇ ಫ್ರೀಜರಿಗೂ ಅನ್ವಯಿಸಿ ಎನ್ನುತ್ತೇನೆ. ಚಳಿ ಕ್ರಿಮಿಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ. ಕ್ರೀಮಿನಲ್ಲಿ ಸ್ಟಫಿಲೊಕಾಕಸ್ ಆಗಲೇ ಬೆಳೆದು ವಿಷ ಬಿಟ್ಟಿದ್ದರೆ ಹೆಪ್ಪುಗಟ್ಟಿಸಿದರೂ ಅದು ಹೋಗದು, ಕುದಿಸಿದರೂ ಹೋಗದು. ಮಧ್ಯಾಹ್ನವಿಡೀ ಮೇಜಿನ ಮೇಲೆ ಮೇಣದಬತ್ತಿಯ ಜೊತೆ ನಿಂತ ಕ್ರೀಮ್ ಕೇಕನ್ನು ಫ್ರೀಜರಿಗೆ ಹಾಕುವುದು ಉಳಿಸುವುದಲ್ಲ. ಫ್ರೀಜರು ಕೊಟ್ಟದ್ದನ್ನು ಕೊಟ್ಟ ಸ್ಥಿತಿಯಲ್ಲೇ ಹಿಂದಿರುಗಿಸುತ್ತದೆ: ಬಿರುಸಾದದ್ದನ್ನು ಕೊಟ್ಟರೆ ಬಿರುಸು, ಕೆಟ್ಟದ್ದನ್ನು ಕೊಟ್ಟರೆ ಕೆಟ್ಟದ್ದು. ಇನ್ನು ತಿನ್ನಲಾಗದು ಎಂದಾದ ಐದನೆಯ ದಿನ ಅಲ್ಲಿಗೆ ಸಾಗಹಾಕುವುದರಿಂದಲೇ ಅದಕ್ಕೆ ಕೆಟ್ಟ ಹೆಸರು ಬಂದಿದೆ. ಕೇಕು ಕೊಯ್ದ ದಿನವೇ, ಯಾರ್ಯಾರಿಗೆ ಎಷ್ಟು ಎಂದು ಕಂಡ ಮೇಲೆ, ನಾಳೆಗೆ ಬೇಕಾದ್ದನ್ನು ಬಿಟ್ಟು ಮಿಕ್ಕದ್ದನ್ನು ಸುತ್ತಿಬಿಟ್ಟರೆ ಅದು ತಿಂಗಳಾದ ಮೇಲೂ ಮೊದಲ ದಿನದ ಹೋಳೇ. ಫ್ರಿಜ್ಜಿನಲ್ಲಿ ಎರಡು ದಿನ ಇದ್ದ ಹೋಳು ಹಾಗಿರದು. ಯಾವುದು ತಂಗಳು, ನೀವೇ ಹೇಳಿ.

— ಕರೆಂಟು ಹೋದರೆ? ಬೇಸಿಗೆಯಲ್ಲಿ ಹಳ್ಳಿಗಳಲ್ಲಿ ಗಂಟೆಗಟ್ಟಲೆ ಇರುವುದಿಲ್ಲ.

— ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರು ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಚಳಿ ಹಿಡಿಯುತ್ತದೆ ಎಂದು ಅಮೆರಿಕದ ಅದೇ ಕೃಷಿ ಇಲಾಖೆಯ ಲೆಕ್ಕ. ಅದು ಬೇರೆಯದೇ ಬಾಗಿಲಿರುವ ದೊಡ್ಡ ಫ್ರೀಜರಿನ ಮಾತು; ನೀವು ಹೇಳಿದ ಗೂಡಿಗೆ ಅದರ ಕಾಲು ಪಾಲೂ ಸಿಗಲಾರದು. ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು ಇಟ್ಟರೆ ಸ್ವಲ್ಪ ಹೆಚ್ಚು ತಡೆಯುತ್ತದೆ. ಕರಗಿಹೋದರೆ ಏನು ಎನ್ನುವುದಕ್ಕೂ ಅವರ ಪಟ್ಟಿಯಲ್ಲಿ ಉತ್ತರವಿದೆ. ಬ್ರೆಡ್ಡು, ಬನ್ನು, ಕಸ್ಟರ್ಡು ತುಂಬದ ಕೇಕು ಕರಗಿದ್ದರೂ ಮತ್ತೆ ಹೆಪ್ಪುಗಟ್ಟಿಸಬಹುದು, ಸ್ವಲ್ಪ ಒಣಗೀತು ಅಷ್ಟೆ. ಕಸ್ಟರ್ಡು, ಚೀಸು ತುಂಬಿದ್ದು ಬೆಚ್ಚಗಾಗಿ ಎರಡು ಗಂಟೆ ಕಳೆದಿದ್ದರೆ ಎಸೆಯಬೇಕು. ಕಡೆದ ಹಾಲಿನ ಕ್ರೀಮನ್ನೂ ನಾನು ಅದರ ಜೊತೆಗೇ ಸೇರಿಸುತ್ತೇನೆ. ಬಟರ್‌ಕ್ರೀಮು ಮೆತ್ತಗಾಗಿದ್ದರೆ ಅವತ್ತೇ ಕಡೆದು ಬಳಸಿಬಿಡಿ.